ಮಾವನವರೂ ಮರದ ಮನೆಯೂ

ಪಕ್ಕದ ಸೈಟಿನಲ್ಲಿ ಪೈನ್ ಮರ ಕುಯ್ಯುತ್ತಿದ್ದಾರೆ. ಪರದೇಶದ ನಮ್ಮ ಈ ಹೊಸ ಬಡಾವಣೆ ಕ್ಲೈಡ್ ನಾರ್ತ್‌ನಲ್ಲಿ ಈ ವಾಸನೆಗೆ ಬಿಡುವೇ ಇಲ್ಲ ನೋಡಿ. ಒಣಹಾಕಿದ ಬಟ್ಟೆಗೂ ಹತ್ತಿಕೊಳ್ಳುತ್ತದೆ. ಅದು ಮೂಗಿಗೆ ಬಿದ್ದರೆ ಸಾಕು, ನನಗೆ ನಮ್ಮ ಮಾವನವರ ಗಂಟುಮುಖ ನೆನಪಾಗುತ್ತದೆ.

ಮಾವ ಮೈಸೂರಿನವರು, ಜೀವನವಿಡೀ ಸಿಮೆಂಟು ಕಬ್ಬಿಣದ ಜೊತೆ ಕಳೆದ ಇಂಜಿನಿಯರು. ನಮ್ಮ ಮನೆ ಕಟ್ಟುತ್ತಿದ್ದ ವರ್ಷ ಮೊದಲು ಇಂಗ್ಲೆಂಡಿನ ಮಗಳ ಮನೆಗೆ ಹೋಗಿ, ಅಲ್ಲಿಂದ ಇಲ್ಲಿಗೆ ಬಂದರು. ಫೋನ್ ತುಂಬ ಅಲ್ಲಿನ ಹಳೇ ಪೇಟೆಮನೆಗಳ ಫೋಟೋ: ಬಿಳಿ ಗೋಡೆ, ಅಡ್ಡಡ್ಡ ಉದ್ದುದ್ದ ಕಪ್ಪು ತೊಲೆ, ಮುಂದಕ್ಕೆ ಚಾಚಿ ಬೀದಿ ಇಣುಕುವ ಮಹಡಿ. ಕಾನ್ವೆಂಟಿನಲ್ಲಿ ಸಿಸ್ಟರ್ "ನಿಮ್ಮ ಮನೆ ಬರೆಯಿರಿ" ಎಂದಾಗ, ನಮ್ಮ ವಠಾರ ಬಿಟ್ಟು ನಾನು ಬರೆದದ್ದು ಕಥೆಪುಸ್ತಕದ ಇಂಥದ್ದೇ ಮನೆ. ಹೊಗೆ ಬರುವ ಚಿಮಣಿ ಸಮೇತ! "ಗುಡ್" ಕೂಡ ಸಿಕ್ಕಿತ್ತು.

"ತಾತ, ಇಟ್ಸ್ ಸೋ ಕ್ರೂಕೆಡ್!" ಎಂದಳು ಫೋಟೋ ನೋಡಿದ ನನ್ನ ಮಗಳು.

"ಹಸಿ ಓಕ್ ಮರ ಕಣೇ ಪುಟ್ಟಿ. ಒಣಗ್ತಾ ಒಣಗ್ತಾ ಸೊಟ್ಟಗಾಗಿದೆ. ಆದ್ರೂ ಶತಮಾನಗಳಿಂದ ನಿಂತಿದೆ! ತೊಲೆಗಳ ಮಧ್ಯೆ ಕಡ್ಡಿ ಹೆಣೆದು, ಮಣ್ಣಿಗೆ ಸಗಣಿ ಕಲಸಿ ಮೆತ್ತಿದಾರೆ. ದೊರೆಗಳೂ ಸಗಣಿ ಬಳಿದೋರೇ!" ಮಾವ ಹೊಟ್ಟೆ ಹಿಡಿದು ನಕ್ಕರು.

ಆ ನಗು ನಮ್ಮ ಸೈಟಿಗೆ ಹೋಗುತ್ತಲೇ ಆರಿತು. ಅಲ್ಲಿ ನಿಂತಿದ್ದದ್ದು ಬರೀ ಪೈನ್ ಮರದ ಚೌಕಟ್ಟು. "ಏನೋ ಇದು, ಬೆಂಕಿಪೊಟ್ಟಣ? ಇದರೊಳಗೆ ನಾನು ಬಾಗಿಲು ಪೂಜೆಗೆ ಕೂರಲ್ಲ" ಎಂದರು ಮಗನಿಗೆ. ನಮ್ಮ ಮನೆಯವರೂ ಬಿಡಬೇಕಲ್ಲ, "ಕೂರಬೇಡಿ ಬಿಡಿ ಅಪ್ಪ" ಎಂದುಬಿಟ್ಟರು. ಕಾರಿನಲ್ಲಿ ಇಬ್ಬರದೂ ಒಂದೊಂದು ಕಿಟಕಿ ಕಡೆ ಮುಖ. ಹಿರಿಯರು ಅರಿಶಿನ ಹಚ್ಚದ ಮನೆಯಲ್ಲಿ ನಾನು ಹಾಲುಕ್ಕಿಸುವುದು ಹೇಗೆ?

ಮಾರನೆಯ ದಿನ ದೋಸೆ ಹಾಕುತ್ತಾ ಮೆಲ್ಲಗೆ ಕೇಳಿದೆ. "ಮಾವ, ಆ ಇಂಗ್ಲೆಂಡಿನ ಮನೇಲಿ ಕಬ್ಬಿಣ ಎಲ್ಲಿದೆ?"

"ಅದು ಓಕ್ ಕಣಮ್ಮ. ಮರದ ಗೂಟ ಹೊಡೆದು ಕೂಡಿಸಿರೋದು. ನೋಡಿಲ್ಲಿ, ಈ ಫೋಟೋದಲ್ಲಿ ಬಡಗಿ ಗೀಚಿರೋ ಗುರುತು. ಬೇರೆ ಕಡೆ ಕುಯ್ದು, ಜೋಡಿಸಿ ನೋಡಿ, ಗುರುತು ಹಾಕಿ, ಬಿಚ್ಚಿ ತಂದು ನಿಲ್ಲಿಸೋರು."

"ನಮ್ಮ ಮರದ ಮೇಲೂ ಏನೇನೋ ಬರೆದಿತ್ತಲ್ಲ ಮಾವ? ಯಾರೋ ತುಂಟರು ಗೀಚಿದಾರೆ ಅಂದ್ಕೊಂಡಿದ್ದೆ."

ದೋಸೆ ತಟ್ಟೆಯಲ್ಲೇ ಉಳಿಯಿತು. "ನಡಿ, ತೋರಿಸು."

ಸೈಟಿಗೆ ಹೋಗಿ ನೋಡಿದರೆ, ಫ್ಯಾಕ್ಟರಿಯಲ್ಲಿ ಕುಯ್ದು, ಯಾವುದು ಎಲ್ಲಿಗೆ ಎಂದು ಬರೆದು ಕಳಿಸಿದ ಗೋಡೆಗಳು. ಮಾವ ಒಂದೊಂದು ಅಂಕಿಯ ಮೇಲೂ ಬೆರಳಾಡಿಸಿದರು. ಮೂಲೆಯ ಕಂಬವನ್ನು ಭುಜ ಕೊಟ್ಟು ತಳ್ಳಿದರು. ಅದು ಜಪ್ಪಯ್ಯ ಅನ್ನಲಿಲ್ಲ. "ಪದ್ಧತಿ ಅದೇ ಕಣಮ್ಮ" ಎಂದರು, ಸೋತವರ ಹಾಗಲ್ಲ, ಪರೀಕ್ಷೆ ಪಾಸು ಮಾಡಿಸಿದವರ ಹಾಗೆ.

ಪೂಜೆಯ ದಿನ ಪಂಚೆ, ಶಲ್ಯ, ತಲೆಯ ಮೇಲೆ ಸೈಟಿನವರ ಹೆಲ್ಮೆಟ್ಟು! "ಯಾವುದಕ್ಕಮ್ಮ ಹಚ್ಚೋದು? ಇಡೀ ಮನೇನೇ ಬಾಗಿಲ ಚೌಕಟ್ಟಿನ ಹಾಗಿದೆ" ಎನ್ನುತ್ತಾ ಕೈಗೆಟುಕಿದ ಮರಕ್ಕೆಲ್ಲ ಅರಿಶಿನ ಕುಂಕುಮ ಹಚ್ಚಿದರು. ಸೂಪರ್‌ವೈಸರ್ ಬಾಯಿ ಬಿಟ್ಟುಕೊಂಡು ನೋಡಿದ. ಆ ಹಳೇ ಮನೆಗಳು ಮೂಳೆಯನ್ನು ಬೀದಿಗೇ ತೋರಿಸುತ್ತವೆ. ನಮ್ಮದು ಮೂಳೆಯ ಜೊತೆ ಆ ಕುಂಕುಮವನ್ನೂ ಗೋಡೆಯೊಳಗೆ ಮುಚ್ಚಿಟ್ಟುಕೊಂಡಿದೆ.

ಮಾವ ಈ ಸಲ ಚಳಿಗಾಲಕ್ಕೆ ಬಂದಿದ್ದಾರೆ. ಇವತ್ತು ಬೆಳಿಗ್ಗೆ ಜೋರು ಗಾಳಿಗೆ ಮನೆ ಕಿರ್ರೆಂದಿತು. ಗಾಬರಿಯಾಗಿ ಕಾಫಿ ಲೋಟದ ಸಮೇತ ಅವರ ಕೋಣೆಗೆ ಓಡಿದೆ. ಮಾವ ಹೊದಿಕೆಯಿಂದ ಮುಖವನ್ನೂ ಹೊರಗೆ ತೆಗೆಯಲಿಲ್ಲ.

"ಮರ ಅಲ್ವೇನಮ್ಮ, ಮೈ ಮುರೀತಿದೆ. ಕಾಫಿ ಅಲ್ಲಿಡು."