ಐದು ಸಾವಿರದ ಪಗಾರ

ಎಂಬತ್ತರ ದಶಕದಾಗ ಕಂಪ್ಯೂಟರ್ ಇಂಜಿನಿಯರಿಂಗ್ ಸೀಟಿನ ಕಾಗದ ಕಿಸೆದಾಗ ಇಟ್ಕೊಂಡು, ಇರಕಲ್ಲಗಡದಿಂದ ಗಂಗಾವತಿ ಬ್ಯಾಂಕಿಗೆ ಸಾಲ ಕೇಳಾಕ ಹೋಗಿದ್ದೆ. ಸೋಮವಾರದೊಳಗ ಫೀ ಕಟ್ಟಲಿಲ್ಲಂದ್ರ ಸೀಟು ಹೋಗತಿತ್ತು. ನನ್ನ ಮುಂದ ಪಾಳಿಯಾಗ ಮುನ್ನೂರು ಮಂದಿ. ಆತು, ಮೂರು ಮಂದಿ ಅಂತ ಇಟ್ಕೋರಿ.

ಮ್ಯಾನೇಜರ್ ಸಾಹೇಬ್ರು ಕಾಗದ ತಿರುವಿ ನೋಡಿದ್ರು. "ಫೀ, ಊಟ ಎಲ್ಲಾ ಕೂಡಿ ಹದಿನೈದು ಸಾವಿರ ಆಕ್ಕೈತಿ. ಕಲಿತ ಮ್ಯಾಲೆ ಪಗಾರ ಎಷ್ಟು ಬರತೈತೋ ತಮ್ಮಾ?"

ನನಗೇನು ಗೊತ್ತು? ನಮ್ಮ ಕಡೆ ಅದನ್ನ ಕಲಿತವ್ರು ಒಬ್ಬರೂ ಇರಲಿಲ್ಲ. ಕಂಪ್ಯೂಟರ್ ನಾ ಪೇಪರಿನ ಚಿತ್ರದಾಗಷ್ಟ ನೋಡಿದ್ದೆ. ಆ ಚಿತ್ರ ಕತ್ತರಿಸಿ ದಿಂಬಿನ ಕೆಳಗ ಇಟ್ಕೊಂಡು ಮಲಗತಿದ್ದೆ.

"ತಿಂಗಳಿಗೆ ಐದು ಸಾವಿರ ರೀ," ಅಂದೆ.

ಸಾಹೇಬ್ರು ಪೆನ್ನು ಕೆಳಗಿಟ್ರು. "ನನಗ ಬರೋದ ಎರಡೂವರಿ. ನನ್ನ ಹೆಸರಿಲೆನೂ ಒಂದು ಅರ್ಜಿ ತುಂಬಪಾ."

"ಹಂಗಾದ್ರ ಎರಡು ಸಾವಿರ ಅಂತ ಬರಕೋರಿ, ಸಾಹೇಬ್ರ."

"ಒಂದು ಉಸಿರಿನ್ಯಾಗ ಮೂರು ಸಾವಿರ ಇಳಿಯೋ ಪಗಾರ ನಂಬಿ ಹೆಂಗ ಸಾಲ ಕೊಡ್ಲೋ?"

ಕಾಗದ ಮಡಚಿ ನನ್ನ ಕೈಯಾಗಿಟ್ರು. ಸೀಟು ಹೋತು. ಅಕ್ಕಿ ಗಿರಣ್ಯಾಗ ಚೀಲ ಎಣಿಸೋ ಗುಮಾಸ್ತ ಆದೆ.

ಈಗೂ ಪಾಸ್‌ಬುಕ್ ತುಂಬಿಸಾಕ ಹೋದಾಗ, ಕೌಂಟರಿನ ಹುಡುಗಿ ಕಂಪ್ಯೂಟರ್ ಒತ್ತೋದು ನೋಡಕೋಂತ ನಿಂದರತೀನಿ.

"ಇನ್ನೇನು ಬೇಕಿತ್ತಜ್ಜಾ?" ಅಂತಾಳ.

"ಏನಿಲ್ಲವಾ, ನೀ ಒತ್ತು," ಅಂತೀನಿ.

ಅದನ್ನ ಕಲಿತವ್ರಿಗೆ ಮುಂದ ಐದು ಸಾವಿರಕ್ಕಿಂತ ಭಾಳ ಹೆಚ್ಚಿಗೆ ಬಂತಂತ. ನನ್ನ ಜಲ್ಮದಾಗ ಕಡಿಮಿ ಬಿದ್ದ ಸುಳ್ಳು ಅದೊಂದ ನೋಡ್ರಿ.