ಗಾದಿಯ ಮೇಲೆ ಕೂರಲಾಗದ ದಿನಗಳು

ಶಿಕಾರಿಪುರದಲ್ಲಿ ನಮ್ಮದು ಬಟ್ಟೆ ಅಂಗಡಿ. ತೊಂಬತ್ತರ ದಶಕದ ಆರಂಭ, ನನಗೆ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ದಿನವಿಡೀ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುವುದು ನನ್ನ ಕೆಲಸ. ಆ ಬೇಸಿಗೆಯಲ್ಲಿ ನನ್ನ ಗುದದ್ವಾರದ ಪಕ್ಕ ಒಂದು ಕುರು ಎದ್ದಿತು. ಇದನ್ನು ಬರೆಯುವಾಗಲೂ ಬೇರೆ ಶಬ್ದ ಸಿಗುತ್ತದೇನೋ ಎಂದು ಹುಡುಕಿದೆ, ಸಿಗಲಿಲ್ಲ.

ಕುರು ಒಡೆಯಿತು, ಆದರೆ ಮಾಯಲಿಲ್ಲ. ಸದಾ ಒಸರುತ್ತಿತ್ತು. ನಿಂತೇ ವ್ಯಾಪಾರ ಮಾಡತೊಡಗಿದೆ. ಕಾಲು ಜೋಮು ಹಿಡಿಯುತ್ತದೆ ಎಂದು ಅಪ್ಪನಿಗೆ ಸುಳ್ಳು ಹೇಳಿದೆ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು, ಊಟ ಸೇರುತ್ತಿರಲಿಲ್ಲ, ಅಂಗಿ ಸಡಿಲವಾಯಿತು.

ಜ್ವರ ಮಾತ್ರ ಮುಚ್ಚಿಡಲಾಗಲಿಲ್ಲ. ಹೆಂಡತಿಯ ತವರು ಸೊರಬದ ಕಡೆ, ಕ್ಯಾಸನೂರಿಗೆ ಹತ್ತಿರದ ಹಳ್ಳಿ. ಜ್ವರ ಶುರುವಾಗುವ ಸ್ವಲ್ಪ ದಿನ ಮೊದಲು ನಾವಿಬ್ಬರೂ ಅಲ್ಲಿಗೆ ಹೋಗಿ ಬಂದಿದ್ದೆವು. ಅಷ್ಟು ಸಾಕಾಯಿತು. ಅಲ್ಲಿ ಕಾಡಿನಂಚಿನಲ್ಲಿ ಉಣುಗು ಕಚ್ಚಿ ಮಂಗನ ಕಾಯಿಲೆ ಅಂಟಿದೆ ಎಂದು ಅವ್ವ ಓಣಿಯವರೆದುರು ಹೇಳಿಕೊಂಡು ಅತ್ತಳು. ಹೆಂಡತಿ ತಲೆ ತಗ್ಗಿಸಿಕೊಂಡು ಒಳಗೆ ಹೋದಳು.

ಊರಿನ ಡಾಕ್ಟರು ಎದೆಯ ಎಕ್ಸ್‌ರೇ ತೆಗೆಸಿದರು, ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ವರದಿ ಬಂದ ದಿನವೇ ಸೊರಬದಿಂದ ಮಾವನವರೂ ಬಸ್ಸಿಳಿದು ಬಂದರು. ಸುದ್ದಿ ಅವರನ್ನು ಮುಟ್ಟಿತ್ತು. ನಮ್ಮ ಪಡಸಾಲೆಯಲ್ಲಿ ಅವರು ಕುರ್ಚಿಯ ಮೇಲೂ ಕೂರದೆ, ಅವ್ವನ ಮುಂದೆ ಕೈ ಜೋಡಿಸಿ ನಿಂತರು.

"ನಮ್ಮೂರಿಗೆ ಕರೆದು ಇವ್ರಿಗೆ ಹಿಂಗಾಯ್ತು ಅಂತ ನನಗೆ ನಿದ್ದೆ ಇಲ್ಲ ಬೀಗ್ರೇ. ತಪ್ಪು ತಿಳ್ಕೋಬೇಡಿ," ಎಂದರು.

ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಮಾವನವರನ್ನೂ ಕರೆದುಕೊಂಡು ಡಾಕ್ಟರ ಹತ್ತಿರ ಹೋದೆ.

ಡಾಕ್ಟರು ವರದಿ ನೋಡಿ, ಮಂಗನ ಕಾಯಿಲೆ ಅನ್ನಿಸುವುದಿಲ್ಲ ಎಂದರು. ಆ ಜ್ವರ ಹೀಗೆ ತಿಂಗಳುಗಟ್ಟಲೆ ಸಣ್ಣಗೆ ಕಾಯುವುದಿಲ್ಲ. ಅದರಲ್ಲಿ ಪ್ಲೇಟ್‌ಲೆಟ್ ಸಾಮಾನ್ಯವಾಗಿ ಕುಸಿಯುತ್ತದೆ, ನನ್ನದು ಏರಿತ್ತು. ಇಎಸ್‌ಆರ್ ಕೂಡ ಬಹಳ ಹೆಚ್ಚಿತ್ತು. ರಕ್ತವನ್ನು ಸಣ್ಣ ಕೊಳವೆಯಲ್ಲಿ ನಿಲ್ಲಿಸಿಟ್ಟು ಕೆಂಪು ಕಣಗಳು ಎಷ್ಟು ಬೇಗ ತಳಕ್ಕಿಳಿಯುತ್ತವೆ ಎಂದು ನೋಡುವ ಪರೀಕ್ಷೆ ಅದು. ಮೈಯಲ್ಲಿ ಉರಿಯೂತವಿದ್ದರೆ ಅವು ಬೇಗ ಇಳಿಯುತ್ತವೆಯಂತೆ. ಉರಿಯೂತ ಬಹಳ ದಿನ ಉಳಿದರೆ ಪ್ಲೇಟ್‌ಲೆಟ್ಟೂ ಹೆಚ್ಚಾಗುತ್ತದೆಯಂತೆ. ಎದೆಯ ಎಕ್ಸ್‌ರೇಯಲ್ಲಿ ಏನೂ ಕಂಡಿರಲಿಲ್ಲ.

"ಎಲ್ಲೋ ಕೀವು ಇರಬೇಕು ರೀ. ಎಲ್ಲಿ ಅಂತ ರಕ್ತ ಹೇಳಲ್ಲ, ನೀವೇ ಹೇಳ್ಬೇಕು. ಹಲ್ಲು ನೋವು, ಗಾಯ, ಏನಾದ್ರೂ?"

ಪಕ್ಕದಲ್ಲಿ ಮಾವನವರಿದ್ದರು. ಅವರನ್ನು ಹೊರಗೆ ಕಳಿಸಿ ಹೇಳಬಹುದಿತ್ತು. ಆದರೆ ಅವ್ವನ ಮುಂದೆ ಕೈ ಜೋಡಿಸಿ ನಿಂತಿದ್ದವರಿಗೆ ಬಾಗಿಲು ತೋರಿಸಲು ಮನಸ್ಸಾಗಲಿಲ್ಲ. ಮೇಜಿನ ಅಂಚು ನೋಡುತ್ತ, "ಕೂರೋ ಜಾಗದಾಗೆ ಕುರು ಐತಿ ಸಾರ್. ಜ್ವರಕ್ಕೂ ಮೊದಲಿಂದ," ಎಂದೆ. ಮಾವನವರು ಎದ್ದು, ತಾವಾಗಿಯೇ ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು.

ಡಾಕ್ಟರು ನೋಡಿ, ಒಳಗೆ ಕೀವು ತುಂಬಿದೆ ಎಂದರು. ಶಿವಮೊಗ್ಗದಲ್ಲಿ ಅದನ್ನು ಕೊಯ್ದು ಸ್ವಚ್ಛ ಮಾಡಿದರು. ಜ್ವರ ಬಿಟ್ಟಿತು. ಮಳೆಗಾಲ ಮುಗಿಯುವ ಹೊತ್ತಿಗೆ ಮತ್ತೆ ರಕ್ತ ಕೊಟ್ಟೆ. ಇಎಸ್‌ಆರ್ ಇಳಿದಿತ್ತು, ಪ್ಲೇಟ್‌ಲೆಟ್ ಸಹಜ ಮಟ್ಟಕ್ಕೆ ಬಂದಿತ್ತು.

ಮನೆಯಲ್ಲಿ ಮಂಗನ ಕಾಯಿಲೆಯ ಮಾತು ಮತ್ತೆ ಯಾರೂ ಎತ್ತಲಿಲ್ಲ. ಅವ್ವ ಬೀಗರ ಮನೆಗೆ ಮಗ್ಗದ ಪಂಚೆಯೊಂದನ್ನು ಕಳಿಸಿದಳು, ಕಾರಣ ಹೇಳಲಿಲ್ಲ. ಒಂದು ದಿನ ಹೆಂಡತಿಯನ್ನು ಕೇಳಿದೆ, ಅಷ್ಟೆಲ್ಲ ಅನ್ನಿಸಿಕೊಂಡು ಯಾಕೆ ಸುಮ್ಮನಿದ್ದೆ ಎಂದು. ಅವಳು ಹಾಸಿಗೆ ಕೊಡವುತ್ತಿದ್ದಳು, ನನ್ನ ಕಡೆ ತಿರುಗಲಿಲ್ಲ.

"ನಿಮ್ಮ ಬಟ್ಟೆ ಒಗೆಯೋಳು ನಾನೇ ಅಲ್ವಾ? ಕೀವಿನ ಕಲೆ ನೋಡಿದ್ದೆ. ಕೇಳಕ್ಕೆ ನಂಗೂ ನಾಚ್ಕೆ ಆಯ್ತು," ಎಂದಳು.

ಹಾಸಿಗೆಯ ಇನ್ನೊಂದು ತುದಿ ಹಿಡಿದುಕೊಂಡೆ.