ಆಯಿಯ ಒಂದನೇ ಕ್ಲಾಸು

ಮೈದಾ ಅಂಟು ತಳ ಹಿಡಿದ ವಾಸನೆ ಬಂದರೆ ಇವತ್ತಿಗೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಒಂದನೇ ತರಗತಿಯ ಶಿಕ್ಷಕರಿಗೆ ಓದು ಕಲಿಸುವ ತರಬೇತಿ ಕೊಡುವುದು ನನ್ನ ಕೆಲಸ. ಮೊನ್ನೆ ಕುಮಟೆಯಲ್ಲಿ ಚಿತ್ರ ಅಂಟಿಸಲೆಂದು ಯಾರೋ ಮೈದಾ ಕುದಿಸಿದರು. ಶಿರಾಲಿಯಲ್ಲಿ ಹೆದ್ದಾರಿಗೆ ತಾಗಿದ್ದ ನಮ್ಮ ಬಾಡಿಗೆ ಮನೆ ಕಣ್ಣಮುಂದೆ ಬಂತು. ಆಯಿ, ಅಂದರೆ ನನ್ನ ಅಮ್ಮ, ಒಂದನೇ ಕ್ಲಾಸಿನ ಟೀಚರು. ತರಬೇತಿ ಮುಗಿಸಿ ಬಸ್ಸಿಳಿದು ಬಂದವಳು ಸೀರೆಯನ್ನೂ ಬದಲಿಸದೆ ಒಲೆಯ ಮೇಲೆ ಮೈದಾ ಇಡುತ್ತಿದ್ದಳು. ಹಳೆ ಕ್ಯಾಲೆಂಡರಿನಿಂದ ಕತ್ತರಿಸಿ ಪಾಠಕ್ಕೆಂದು ರಟ್ಟಿಗೆ ಅಂಟಿಸಿದ ಹೂವು, ಹಸು, ದೋಣಿಗಳು ನೆಲದ ತುಂಬ ಒಣಗುತ್ತಿದ್ದವು. ಕಾಲಿಡಲು ಜಾಗವಿಲ್ಲದೆ ಅಪ್ಪ ಬಾಗಿಲಲ್ಲೇ ನಿಂತು ಚಹಾ ಕುಡಿಯುತ್ತಿದ್ದ.

ನಾನು ಮೂರನೇ ಕ್ಲಾಸಿನಲ್ಲಿದ್ದ ವರ್ಷ ಸಮುದ್ರದ ಬದಿಯ ಮೀನುಗಾರರ ಕೇರಿಯಿಂದ ತಾರಾ ಎಂಬ ಹುಡುಗಿ ಆಯಿಯ ಕ್ಲಾಸಿಗೆ ಸೇರಿದಳು. ಮನೆಮಾತು ಕೊಂಕಣಿ. ನಾವು ಮೂರನೇ ಕ್ಲಾಸಿನವರು ಅದೇ ಕೋಣೆಯ ಇನ್ನೊಂದು ಬದಿಗೆ ಕೂರುತ್ತಿದ್ದೆವು. 'ಮ' ಅಕ್ಷರ ಕಲಿಸಲು ಆಯಿ ಮನೆಯ ಚಿತ್ರ ಎತ್ತಿ ಹಿಡಿದು "ಇದೆಂತ?" ಎಂದಳು. ಎಲ್ಲರಿಗಿಂತ ಮೊದಲು ತಾರಾ ಎದ್ದು "ಘರ!" ಎಂದು ಕೂಗಿದಳು. ಕೋಣೆಯೆಲ್ಲ ನಕ್ಕಿತು. "ಅಲ್ಲ, ಮನೆ" ಎಂದು ಆಯಿ ಮುಂದಿನ ಚಿತ್ರ ತೆಗೆದಳು. ಆಮೇಲೆ ತಾರಾ ಬಾಯಿ ಬಿಡಲಿಲ್ಲ. ಕೆಲವು ದಿನಕ್ಕೆ ಶಾಲೆಗೆ ಬರುವುದನ್ನೂ ಬಿಟ್ಟಳು.

ಆಯಿಗೆ ಚಡಪಡಿಕೆ ಹತ್ತಿತು. ಒಳಗೆ ಹೊರಗೆ ತಿರುಗುವಳು, ಅನ್ನಕ್ಕಿಟ್ಟು ಮರೆಯುವಳು. ಬಡಿಸುತ್ತ ಬಡಿಸುತ್ತ ಸೌಟು ಹಿಡಿದೇ ನಿಂತು, "ಅವಳು ಹೇಳಿದ್ದು ತಪ್ಪಲ್ಲ ಅಲ್ವನೆ?" ಎಂದು ನನ್ನನ್ನು ಕೇಳಿದಳು. ಭಾನುವಾರ ನನ್ನ ಕೈ ಹಿಡಿದು ಸೀದಾ ಕೇರಿಗೆ ಹೊರಟಳು. ಒಣಮೀನಿನ ಮೇಲೆರಗಿದ ಕಾಗೆಗಳಿಗೆ ಬೈಯುತ್ತಿದ್ದ ತಾರಾ ನಮ್ಮನ್ನು ಕಂಡದ್ದೇ ಅಜ್ಜಿಯ ಬೆನ್ನಹಿಂದೆ ಅಡಗಿದಳು.

"ಇದಕ್ಕೆ ಅಕ್ಷರ ಹತ್ತೂದಿಲ್ಲ ಅಕ್ಕೋರೆ, ಬಿಟ್ಬಿಡಿ" ಎಂದಳು ಅಜ್ಜಿ.

"ಹತ್ತದೇ ಎಂತಕ್ಕೆ ಇರ್ತದೆ? ತಪ್ಪಿದ್ದು ನಾನು" ಎನ್ನುತ್ತ ಆಯಿ ಮರಳಲ್ಲೇ ಕುಕ್ಕರುಗಾಲಲ್ಲಿ ಕೂತು, ಕೊಡದ ನೀರು ತೋರಿಸಿ ಇದಕ್ಕೆ ನೀವೆಂತ ಹೇಳ್ತೀರಿ ಎಂದು ಕೇಳಿದಳು. "ಉದಾಕ್" ಎಂದಿತು ಬೆನ್ನಹಿಂದಿನ ದನಿ. ಆಯಿ ಅದನ್ನು ಹೇಳಹೋಗಿ ತೊದಲಿದಳು. ತಾರಾ ಕಿಸಕ್ಕನೆ ನಕ್ಕು ಹೊರಗೆ ಬಂದಳು.

ಸೋಮವಾರ ಬೋರ್ಡಿನ ಮೇಲೆ ಮನೆಯ ಚಿತ್ರದ ಕೆಳಗೆ ಘರ, ಮನೆ ಎಂದು ಎರಡು ಶಬ್ದಗಳಿದ್ದವು, ತಾರಾ ಮುಂದಿನ ಸಾಲಿನಲ್ಲಿದ್ದಳು. ಮುಂದೊಂದು ದಿನ ತಪಾಸಣೆಗೆ ಬಂದ ಸಾಹೇಬರು, "ಕನ್ನಡ ಶಾಲೇಲಿ ಇದೆಲ್ಲ ಎಂತಕ್ಕೆ?" ಎಂದು ಗದರಿದರು. "ಅವಳು ಕನ್ನಡಕ್ಕೆ ಬರೂದೇ ಈ ದಾರೀಲಿ ಸಾರ್" ಎಂದಳು ಆಯಿ. ಬೋರ್ಡು ಒರೆಸಲಿಲ್ಲ. ದಸರೆ ರಜೆಯ ಹೊತ್ತಿಗೆ ತಾರಾ ಸಾಲಿನ ಕೆಳಗೆ ಬೆರಳಿಟ್ಟು ಪಾಠ ಓದುತ್ತಿದ್ದಳು. ಮರುವರ್ಷ ಅವಳ ಮನೆಯವರು ಬೋಟಿನ ಕೆಲಸಕ್ಕೆಂದು ಗೋವೆಗೆ ಹೋದರು. ಆಮೇಲೆ ಅವಳು ಎಲ್ಲಿಯವರೆಗೆ ಓದಿದಳೋ ನಮಗೆ ತಿಳಿಯಲೇ ಇಲ್ಲ.

ಆ ಬಾಡಿಗೆ ಮನೆ ಹೆದ್ದಾರಿ ಅಗಲವಾದಾಗ ಹೋಯಿತು. ಅಪ್ಪ ಹೋದ, ಆಯಿಯೂ ಹೋದಳು. ಕೊನೆಯ ವರ್ಷಗಳಲ್ಲಿ ಹೊನ್ನಾವರದ ನನ್ನ ಮನೆಯಲ್ಲಿದ್ದಳು. ನಾನು ಶಾಲೆಗಳನ್ನು ಸುತ್ತಿ ದಣಿದು ಬಂದರೆ, ಚಪ್ಪಲಿ ಬಿಡುವ ಮೊದಲೇ ಕೇಳುವಳು, "ಮಕ್ಕಳು ಓದ್ತಾವೇನೆ?"

"ಸುಮಾರು ಎಲ್ಲ ಓದ್ತಾವೆ ಆಯಿ."

"ಉಳಿದವು?"

ಈಗ ನಾನೇ ಬೀಗ ತೆಗೆದು ಒಳಗೆ ಬರುತ್ತೇನೆ. ಯಾರೂ ಏನೂ ಕೇಳುವುದಿಲ್ಲ.